ಬೆಲೆಯೋ, ಬೆಳೆಯೋ, ಬೇಳೆಯೋ?

ಓದುಗರ ಪತ್ರ: "ಮೊಬೈಲು, ಕಂಪ್ಯೂಟರು ಬಂದು ಕನ್ನಡ ಕೆಟ್ಟಿತು. ಈಗಿನ ಮಕ್ಕಳ ನಾಲ್ಕು ಮಾತಿನಲ್ಲಿ ಮೂರು ಇಂಗ್ಲಿಷ್. ನಿಮ್ಮ ಪತ್ರಿಕೆಯೂ ಅದೇ ದಾರಿ ಹಿಡಿದಿದೆ. ಕಳೆದ ಸಂಚಿಕೆಯ ಒಂದೇ ಪುಟದಲ್ಲಿ ಹದಿನೇಳು ಇಂಗ್ಲಿಷ್ ಪದ ಎಣಿಸಿದೆ. ಕನ್ನಡ ಪತ್ರಿಕೆ ನಡೆಸುವವರಿಗೆ ನಾಚಿಕೆ ಬೇಡವೇ?" (ನಿವೃತ್ತ ಶಿಕ್ಷಕರು)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಾಚಿಕೆ ಖಂಡಿತ ಆಯಿತು. ನಾನೂ ಆ ಪುಟ ತೆಗೆದು ಎಣಿಸಿದೆ, ನನಗೆ ಹತ್ತೊಂಬತ್ತು ಸಿಕ್ಕವು. ಅದರಲ್ಲಿ ಐದಾರಕ್ಕೆ ಒಳ್ಳೆಯ ಕನ್ನಡ ಪದ ಇತ್ತು, ಬಳಸಬಹುದಿತ್ತು, ಸೋಮಾರಿತನ ಮಾಡಿದೆವು. ತಪ್ಪಾಯಿತು.

ಆದರೆ ಒಂದು ವಿಷಯ ಓದುಗರಿಗೆ ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರ ವಾಟ್ಸಾಪಿನಲ್ಲಿ ಬಂತು, ಮತ್ತು ಪೂರ್ತಿ ಇಂಗ್ಲಿಷ್ ಅಕ್ಷರಗಳಲ್ಲಿ ಬಂತು. ಮೇಲೆ ಅಚ್ಚಾಗಿರುವುದು ನಮ್ಮ ಉಪಸಂಪಾದಕಿ ಅರ್ಧ ಗಂಟೆ ಕೂತು ಬಿಡಿಸಿದ್ದು. ಒಂದು ಸಾಲು ಅವರಿಗೂ ಬಗ್ಗಲಿಲ್ಲ, ನನಗೂ ಬಗ್ಗಲಿಲ್ಲ. "ಇಂಗ್ಲಿಷಿನ ಬಿ-ಇ-ಎಲ್-ಇ ಜಾಸ್ತಿ ಆಗಿದೆ, ಕನ್ನಡದ್ದು ಇಳಿದಿದೆ" ಎಂದು ಬರೆದಿದ್ದೀರಿ. ಇಂಗ್ಲಿಷಿನ ಬೆಲೆ ಜಾಸ್ತಿ ಆಗಿದೆಯೋ, ಬೆಳೆ ಜಾಸ್ತಿ ಆಗಿದೆಯೋ? ಎರಡೂ ನಿಜವೇ ಅಲ್ವಾ! ಬೇಳೆ ಅಂದುಕೊಂಡರೂ ತಪ್ಪೇನಿಲ್ಲ, ಈಗ ಬೇಯುತ್ತಿರುವುದು ಇಂಗ್ಲಿಷಿನ ಬೇಳೆಯೇ.

ನನ್ನ ಹಳೇ ತಕರಾರು ಇದೇ. ಪದ ಎಲ್ಲಿಂದಾದರೂ ಬರಲಿ. ಕುರ್ಚಿ, ಮೇಜು, ಅಲಮಾರು, ಅರ್ಜಿ, ರಸೀದಿ, ವಕೀಲ, ಇವೆಲ್ಲ ಅರಬ್ಬಿ, ಪಾರಸಿ, ಪೋರ್ಚುಗೀಸರ ಕಡೆಯಿಂದ ಬಂದು ನಮ್ಮ ಮನೆಯಲ್ಲೇ ಉಳಿದವು. ನಾನು ಪ್ರೀತಿಯಿಂದ ಕರೆದ 'ಮೇಷ್ಟ್ರು' ಕೂಡ ಹೊರಗಿನಿಂದ ಬಂದ ಪದವೇ, ನಾವು ಅದಕ್ಕೆ ಒಂದು 'ರು' ಅಂಟಿಸಿ ಗೌರವ ಕೊಟ್ಟೆವು ಅಷ್ಟೆ. ಬಸ್ಸಿಗೆ, ಬ್ಯಾಂಕಿನಲ್ಲಿ, ಫೋನಿಂದ ಅಂತ ವಿಭಕ್ತಿ ಹತ್ತಿಸಿಕೊಂಡ ಮೇಲೆ ಆ ಪದ ನಮ್ಮದೇ. ಆದರೆ ಲಿಪಿ ಬಿಟ್ಟುಕೊಟ್ಟರೆ? ಲ, ಳ ಎರಡೂ ಒಂದೇ ಆಗುತ್ತವೆ. ಕಾಲು, ಕಾಳು ಒಂದೇ ಆಗುತ್ತವೆ. ನಲವತ್ತು ವರ್ಷ ಮಕ್ಕಳ ಕೈಲಿ 'ಳ' ತಿದ್ದಿಸಿದ ನೀವೇ ಹೀಗೆ ಮಾಡಿದರೆ ಹೇಗೆ?

ಮೊದಲು ಹೀಗೆ ಬರೆಯಲು ಕಾರಣ ಇತ್ತು, ಒಪ್ಪುತ್ತೇನೆ. ಹಳೇ ಗುಂಡಿ ಫೋನುಗಳಲ್ಲಿ ಕನ್ನಡವೇ ಮೂಡುತ್ತಿರಲಿಲ್ಲ, ಚೌಕ ಚೌಕ ಡಬ್ಬಿ ಕಾಣಿಸುತ್ತಿತ್ತು. ಮೂಡಿದರೂ ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡ ಆದರೆ ಬರೀ 70, ಅದರಲ್ಲೂ ಒತ್ತು, ಕೊಂಬು, ಇಳಿ ಎಲ್ಲಕ್ಕೂ ಬೇರೆ ಲೆಕ್ಕ. ಕಂಪ್ಯೂಟರಿನ ಕಥೆಯೂ ಇದೇ. ಎಲ್ಲ ಯಂತ್ರಗಳಿಗೂ ಒಂದೇ ಅಕ್ಷರ ಸಂಕೇತ ಕೊಡುವ ಯೂನಿಕೋಡಿಗಿಂತ ಹಿಂದೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು. ನಮ್ಮ ಕಚೇರಿಯಲ್ಲಿ ಇವತ್ತಿಗೂ ಒಂದು ಬೀರುವಿನ ತುಂಬ ಸೀಡಿಗಳಿವೆ. ಹತ್ತು ವರ್ಷದ ಸಂಚಿಕೆಗಳು. ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿದೆವು, ಕನ್ನಡವೇನೋ ಬಂತು, ಅರ್ಕಾವತ್ತೆಲ್ಲ ಪಕ್ಕದ ಅಕ್ಷರದ ತಲೆಗೆ ಹತ್ತಿ ಕೂತಿತ್ತು. ಮೊಳೆ ಜೋಡಿಸಿ ಅಚ್ಚು ಹಾಕಿದ ಅದಕ್ಕೂ ಹಳೇ ಸಂಚಿಕೆಗಳು ಪಕ್ಕದ ಕಪಾಟಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿವೆ, ಆದರೂ ಓದಲು ಬರುತ್ತವೆ ನೋಡಿ!

ಆದರೆ ಈಗ ಆ ನೆಪ ಮುಗಿಯಿತು ಸ್ವಾಮಿ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಎಷ್ಟು ಚೆಂದ ಇದೆ ಗೊತ್ತಾ? ವ್ಯಂಜನ ಒತ್ತಿದರೆ 'ಅ' ಸೇರಿಕೊಂಡೇ ಬರುತ್ತದೆ. ಹಾಗಾಗಿ 'ಕಮಲ' ಬರೆಯಲು ಮೂರು ಕೀಲಿ ಸಾಕು, ಇಂಗ್ಲಿಷ್ ಅಕ್ಷರದಲ್ಲಾದರೆ ಆರು ಬೇಕು. 'ಮಗ' ಎರಡೇ ಒತ್ತು. ಶಿಫ್ಟ್ ಹಿಡಿದು ಎಲ್ ಒತ್ತಿದರೆ ನಿಮ್ಮ ಪ್ರೀತಿಯ 'ಳ' ಬಂದು ನಿಲ್ಲುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದೇ ಸುಲಭ ಅನ್ನುವವರು ಒಮ್ಮೆಯೂ ಲೆಕ್ಕ ಹಾಕಿ ನೋಡಿಲ್ಲ.

ಯಂತ್ರದಿಂದ ಕನ್ನಡ ಕೆಟ್ಟಿತು ಅನ್ನುತ್ತೀರಲ್ಲ, 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ್ದು ಕಲ್ಲಿನ ಮೇಲೆ ಬರೆದು ಮುದ್ರಿಸುವ ಕಲ್ಲಚ್ಚಿನಲ್ಲಿ. ಆ ಅಚ್ಚು ಪರದೇಶದ್ದು, ಸಂಪಾದಕರೂ ಜರ್ಮನಿಯವರು. ಮುಂದೆ 1894ರಲ್ಲಿ ಕಿಟೆಲ್ ನಿಘಂಟು ಬಂತು. ಅಚ್ಚಿನ ಯಂತ್ರದಲ್ಲಿ ಕನ್ನಡ ಬೆಳೆಯಿತು, ಯಾಕೆಂದರೆ ಅದಕ್ಕೆ ಕನ್ನಡ ಕೊಟ್ಟರು. ನಾವು ಫೋನಿಗೆ ಏನು ಕೊಡುತ್ತಿದ್ದೇವೆ?

ನಮ್ಮಮ್ಮನಿಗೆ ಎಂಬತ್ತು ದಾಟಿದೆ. ಓದಿದ್ದು ನಾಲ್ಕನೇ ಕ್ಲಾಸು. ಹೋದ ವರ್ಷ ಅವಳ ಫೋನಿನ ಕೀಲಿಮಣೆಯನ್ನು ಕನ್ನಡಕ್ಕೆ ಬದಲಾಯಿಸಿ, ಮೈಕಿನ ಗುರುತು ತೋರಿಸಿ, ಇದನ್ನು ಒತ್ತಿ ಮಾತಾಡು, ಅದೇ ಬರೆದುಕೊಳ್ಳುತ್ತೆ ಅಂದೆ. ಅಮ್ಮ ಫೋನನ್ನು ಬಾಯಿ ಹತ್ತಿರ ಹಿಡಿದು "ಹಲೋ, ಕೇಳಿಸ್ತಿದೆಯಾ" ಅಂದಳು. ಅದನ್ನೂ ಬರೆಯಿತು. "ಅಯ್ಯೋ ಇದನ್ಯಾಕೆ ಬರೀತು" ಅಂದಳು, ಅದನ್ನೂ ಬರೆಯಿತು. ಈಗ ದಿನಾ ಮೊಮ್ಮಗಳಿಗೆ ಉದ್ದುದ್ದ ಸಂದೇಶ ಕಳಿಸುತ್ತಾಳೆ, ಪೂರ್ಣವಿರಾಮ ಒಂದೂ ಇಲ್ಲ, ಆದರೆ ಅಚ್ಚ ಕನ್ನಡ. ಮೊಮ್ಮಗಳು ಇಂಗ್ಲಿಷ್ ಅಕ್ಷರದಲ್ಲಿ ಉತ್ತರ ಕಳಿಸಿದರೆ "ನಂಗೆ ಓದಕ್ಕೆ ಬರಲ್ಲ, ಸರಿಯಾಗಿ ಬರಿ" ಅಂತ ಗದರಿಸುತ್ತಾಳೆ. ಹುಡುಗಿ ಈಗ ಕನ್ನಡದಲ್ಲೇ ಬರೆಯುತ್ತಿದ್ದಾಳೆ. ನಾನು ಐದು ವರ್ಷ ಹೇಳಿ ಸೋತಿದ್ದೆ.

ಅದೇ ಫೋನಿಗೆ ಬ್ಯಾಂಕಿನಿಂದ ಒಟಿಪಿ ಬರುತ್ತದೆ. ಅದರ ಕೆಳಗೆ ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ. ಇಂಗ್ಲಿಷಿನಲ್ಲಿ! ಯಾರಿಗೆ ಈ ಮಾತು ತಿಳಿಯಲೇಬೇಕೋ ಅವಳಿಗೇ ತಿಳಿಯುವುದಿಲ್ಲ. ನಾನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಫೋನಿನ ಕವರಿನೊಳಗೆ ಸಿಕ್ಕಿಸಿಟ್ಟಿದ್ದೇನೆ. ಔಷಧದ ಡಬ್ಬಿ, ವಿಮೆಯ ಕಾಗದ, ಎಲ್ಲ ಹೀಗೇ. ಕನ್ನಡವೇ ಆಡಳಿತ ಭಾಷೆ ಎಂಬ ಕಾಯ್ದೆ 1963ರದ್ದು. ಆದರೂ ಮೊನ್ನೆ ನಾನೇ ಒಂದು ಕಚೇರಿಯ ಜಾಲತಾಣಕ್ಕೆ ಹೋಗಿ 'ಕನ್ನಡ' ಎಂಬ ಗುಂಡಿ ಒತ್ತಿದರೆ ತಲೆಬರಹ ಮಾತ್ರ ಕನ್ನಡವಾಯಿತು, ತುಂಬಬೇಕಾದ ಅರ್ಜಿ ಇಂಗ್ಲಿಷಿನಲ್ಲೇ ಉಳಿಯಿತು. ಸುಮ್ನೆ ಹೆಸರಿಗೊಂದು ಗುಂಡಿ. ಕೇಳಿದರೆ, ಕನ್ನಡ ಪುಟ ಯಾರೂ ನೋಡಲ್ಲ ಸಾರ್ ಅನ್ನುತ್ತಾರೆ. ಅಲ್ಲಿ ನೋಡಲು ಏನಿದೆ ಅಂತ ನೋಡಬೇಕು?

ಮೇಷ್ಟ್ರೇ, ನಿಮ್ಮ ಸಿಟ್ಟು ದೊಡ್ಡದು, ಅದು ನನಗೆ ಇಷ್ಟ. ಅದನ್ನು ನಮ್ಮ ಹತ್ತೊಂಬತ್ತು ಪದಗಳ ಮೇಲೆ ಪೂರ್ತಿ ಖರ್ಚು ಮಾಡಬೇಡಿ, ಆ ಕಚೇರಿಗಳಿಗೂ ಒಂದೊಂದು ಪತ್ರ ಬರೆಯಿರಿ. ಕನ್ನಡ ಅಕ್ಷರದಲ್ಲಿ. ಫೋನಿನ ಸೆಟ್ಟಿಂಗಿಗೆ ಹೋಗಿ ಕೀಲಿಮಣೆಗೆ ಕನ್ನಡ ಸೇರಿಸಲು ಎರಡು ನಿಮಿಷ ಸಾಕು, ತೊಡಕಾದರೆ ನಮಗೆ ಫೋನ್ ಮಾಡಿ, ಉಪಸಂಪಾದಕಿ ಖುಷಿಯಿಂದ ಹೇಳಿಕೊಡುತ್ತಾರೆ. ಅವರಿಗೇ ಅರ್ಧ ಗಂಟೆ ಉಳಿಯುತ್ತದೆ.

ಆ ಬಗ್ಗದ ಸಾಲನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಬೆಲೆಯೋ, ಬೆಳೆಯೋ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.