ಮೂರು ವರ್ಷ ಸುಮ್ನೆ ಕೂತಿದ್ದೆ ಅಂತ ಯಾರು ಹೇಳಿದ್ದು?

“ಅಕ್ಕಾ, ನನಗೆ 26 ವರ್ಷ. ಊರು ಸಕಲೇಶಪುರದ ಹತ್ತಿರ. ಬಿ.ಕಾಂ ಮುಗಿಸಿ ಒಂದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದೆ. ಅಷ್ಟರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು, ಬಿಟ್ಟು ಬಂದೆ. ಮೂರು ವರ್ಷದಿಂದ ಮನೆಯಲ್ಲೇ ಇದ್ದೇನೆ. ಆರು ಎಕರೆ ತೋಟದ ಕೂಲಿ ಲೆಕ್ಕ, ವ್ಯಾಪಾರಿ ಲೆಕ್ಕ ನೋಡುವುದು ನಾನೇ. ಈಗ ಅಪ್ಪ ಓಡಾಡುತ್ತಾರೆ, ಮಾತು ಮಾತ್ರ ನಿಧಾನ. ಬರುವ ಸೋಮವಾರ ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ (ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಸೋದರಮಾವ ತಮ್ಮ ಸ್ನೇಹಿತರ ಅಂಗಡಿಯಿಂದ ಮೂರು ವರ್ಷದ ಅನುಭವ ಪತ್ರ ಮಾಡಿಸಿಕೊಡುತ್ತಾರಂತೆ. ನನಗೆ ಭಯ. ಇಂಗ್ಲಿಷೂ ಅಷ್ಟಕ್ಕಷ್ಟೇ. ಏನು ಮಾಡಲಿ?”

ತಂಗಿ, ಆ ಪತ್ರ ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ.

ನಮ್ಮ ಕಡೆ ಕಾಫಿ ವ್ಯಾಪಾರದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಂದು ಫೋನ್ ಸಾಕು. ಫೋನ್ ಮಾಡದಿದ್ದರೂ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಕೇಳಿದರೆ ಎಲ್ಲಿಂದ ತರುತ್ತೀಯ? ಕೆಲವು ವರ್ಷ ನಾನೂ ಒಂದು ಆಫೀಸಿನಲ್ಲಿ ಜನರನ್ನು ಆರಿಸುವ ಕಡೆ ಕೂತಿದ್ದೆ. ಒಬ್ಬ ಹುಡುಗ ಇಂಥದ್ದೇ ಪತ್ರ ತಂದಿದ್ದ. ಅವನನ್ನು ಹಿಡಿಯಬೇಕು ಅಂತ ಯಾರೂ ಏನೂ ಕೇಳಲಿಲ್ಲ, “ಅಲ್ಲಿ ಸ್ಟಾಕ್ ಲೆಕ್ಕ ಯಾವಾಗ ಹಾಕ್ತಿದ್ರಿ?” ಅಂದೆವು ಅಷ್ಟೇ. ಮುಖ ಬಿಳಿಚಿಕೊಂಡಿತು. ಆಮೇಲೆ ಅವನಿಗೆ ಗೊತ್ತಿದ್ದ ಪ್ರಶ್ನೆಗೂ ಉತ್ತರ ಬರಲಿಲ್ಲ. ಬುದ್ಧಿವಂತ ಹುಡುಗ, ಅವನನ್ನು ನೆನೆದರೆ ನನಗೆ ಈಗಲೂ ಬೇಜಾರು.

ಮತ್ತೆ ನಿನಗೆ ಆ ಸುಳ್ಳು ಯಾತಕ್ಕೆ ಬೇಕು? ‘ಮನೆಯಲ್ಲೇ ಇದ್ದೇನೆ’ ಅಂತ ಬರೆದು, ಪಕ್ಕದಲ್ಲೇ ಆರು ಎಕರೆಯ ಲೆಕ್ಕ ನೋಡುತ್ತೇನೆ ಅಂತಲೂ ಬರೆದಿದ್ದೀಯ. ಕ್ಯೂರಿಂಗ್‌ನವರಿಗೆ ಬೇಕಿರುವುದೇ ಅದು ಅಲ್ವಾ? ದಿನಾ ಹಾಜರಿ, ವಾರದ ಬಟವಾಡೆ, ಕೊಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ, ಮುಂಗಡ ತಗೊಂಡವರಿಂದ ವಾರ ವಾರ ಇಷ್ಟಿಷ್ಟು ಮುರಿದುಕೊಳ್ಳುವುದು, ಗೊಬ್ಬರದ ಅಂಗಡಿಯ ಬಾಕಿ, ಇದೆಲ್ಲ ಲೆಡ್ಜರ್ ಕೆಲಸವೇ. ಕಾಫಿ ಗಿಡವನ್ನೇ ನೋಡದ ಬಿ.ಕಾಂ ಹುಡುಗರಿಗೆ ಔಟ್‌ಟರ್ನ್ (ಮೂಟೆಗೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ಅಂದರೆ ಏನು ಅಂತ ಕೂರಿಸಿಕೊಂಡು ಹೇಳಬೇಕು. ಹಣ್ಣನ್ನು ಹಾಗೇ ಒಣಗಿಸಿದ 50 ಕೆಜಿ ಚೆರ್ರಿ ಮೂಟೆಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಬೀಜ ಸಿಗುತ್ತದೆ, ಪಾರ್ಚ್‌ಮೆಂಟ್ (ತಿರುಳು ತೆಗೆದು ತೊಳೆದು ಒಣಗಿಸಿದ್ದು) ಆದರೆ ಸುಮಾರು 40 ಕೆಜಿ, ತೇವಾಂಶ ಜಾಸ್ತಿ ಇದ್ದರೆ ವ್ಯಾಪಾರಿ ರೇಟು ಇಳಿಸುತ್ತಾನೆ, ಇದನ್ನೆಲ್ಲ ನೀನು ಕಣದಲ್ಲಿ ನಿಂತು ಕಲಿತಿದ್ದೀಯ.

ಮೂರು ವರ್ಷ ಏನು ಮಾಡಿದ್ರಿ ಅಂತ ಖಂಡಿತ ಕೇಳುತ್ತಾರೆ. ತಲೆ ತಗ್ಗಿಸಬೇಡ. “ತಂದೆಗೆ ಹುಷಾರಿರಲಿಲ್ಲ, ಊರಿಗೆ ಬಂದೆ. ನಮ್ಮ ತೋಟದ ಲೆಕ್ಕ ಪೂರ್ತಿ ನಾನೇ ನೋಡಿದೆ. ಈಗ ತಂದೆ ಸುಧಾರಿಸಿದ್ದಾರೆ, ಕೆಲಸಕ್ಕೆ ಬರಬಹುದು.” ಇಷ್ಟೇ. ಅಪ್ಪನ ಕಾಯಿಲೆಯ ಕಥೆ ಉದ್ದ ಮಾಡಬೇಡ. ಅವರಿಗೆ ಒಳಗೊಳಗೇ ಇರುವ ಅನುಮಾನ, ಈ ಹುಡುಗಿ ಮತ್ತೆ ಬಿಟ್ಟು ಹೋಗುತ್ತಾಳಾ ಅನ್ನುವುದು. ಕೊನೇ ಮಾತು ಅದಕ್ಕೇ ಬೇಕು.

ಈ ವಾರ ಒಂದು ಕೆಲಸ ಮಾಡು. ಹೋದ ಸೀಸನ್ನಿನ ಹಾಜರಿ ಪುಸ್ತಕ, ವ್ಯಾಪಾರಿಯ ಬಿಲ್ಲು ಮುಂದಿಟ್ಟುಕೊಂಡು ಖರ್ಚು ಎಷ್ಟು, ಬಂದಿದ್ದು ಎಷ್ಟು ಅಂತ ಎಕ್ಸೆಲ್‌ನಲ್ಲಿ ಒಂದೇ ಪುಟಕ್ಕೆ ಇಳಿಸು, ಕೂಲಿಯವರ ಹೆಸರು ಬಿಟ್ಟು. ಪ್ರಿಂಟ್ ತಗೊಂಡು ಹೋಗು. ಮಾವನ ಸ್ನೇಹಿತರ ಪತ್ರಕ್ಕಿಂತ ಈ ಹಾಳೆಗೆ ತೂಕ ಜಾಸ್ತಿ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಮರೆತಿದ್ದರೆ ಟ್ಯಾಲಿಪ್ರೈಮ್‌ನ ಎಜುಕೇಶನ್ ಮೋಡ್‌ನಲ್ಲಿ ಲೈಸೆನ್ಸ್ ಇಲ್ಲದೆ ಕೈ ಆಡಿಸಬಹುದು. ತಾರೀಖು ಕೆಲವೇ ಹಾಕಲು ಬಿಡುತ್ತದೆ, ಅಭ್ಯಾಸಕ್ಕೆ ಅಷ್ಟು ಸಾಕು. ಜಿಎಸ್‌ಟಿ ಕೇಳಿಯೇ ಕೇಳುತ್ತಾರೆ. ತಿಂಗಳು ತಿಂಗಳು ರಿಟರ್ನ್ ಹಾಕುವವರು ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ, ಜಿಎಸ್‌ಟಿಆರ್-3ಬಿ ಅನ್ನು 20ರೊಳಗೆ ಸಲ್ಲಿಸಬೇಕು, ಒಂದು ಮಾರಾಟದ ಲೆಕ್ಕ, ಇನ್ನೊಂದು ತೆರಿಗೆ ಕಟ್ಟುವ ಲೆಕ್ಕ. ಗೊತ್ತಿಲ್ಲದ್ದು ಬಂದರೆ “ಗೊತ್ತಿಲ್ಲ ಸರ್, ಕಲೀತೀನಿ” ಅನ್ನು, ಊಹಿಸಿ ಹೇಳಬೇಡ.

ಇಂಗ್ಲಿಷಿಗೆ ಇಷ್ಟು ಹೆದರಬೇಕಿಲ್ಲ. ನಿನ್ನ ಪರಿಚಯ ನಾಲ್ಕು ಸಾಲು ಇಂಗ್ಲಿಷಿನಲ್ಲಿ ರೂಢಿ ಮಾಡಿಕೋ, ಬೈಹಾರ್ಟ್ ಮಾಡಿದರೆ ಒಂದು ಪದ ಮರೆತರೂ ಎಲ್ಲ ಮರೆಯುತ್ತದೆ. ಮಧ್ಯೆ ತಡವರಿಸಿದರೆ ಕನ್ನಡದಲ್ಲಿ ಹೇಳಲಾ ಅಂತ ಕೇಳು. ಮೂಟೆ ತರುವ ಬೆಳೆಗಾರರ ಜೊತೆ ಕನ್ನಡದಲ್ಲೇ ತಾನೇ ಮಾತಾಡಬೇಕಿರುವುದು. ಸಂಬಳ ಎಷ್ಟು ಬೇಕು ಅಂದರೆ ‘ನೀವು ಕೊಟ್ಟಷ್ಟು’ ಅನ್ನಬೇಡ. ಹಾಸನದಲ್ಲಿ ಪಿಜಿ ಖರ್ಚು ವಿಚಾರಿಸಿಕೊಂಡು, ಒಂದು ಅಂಕಿ ಮನಸ್ಸಿನಲ್ಲಿಟ್ಟುಕೊಂಡು ಹೋಗು. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್, ಆದರೂ ಬೆಳಗ್ಗೆ ಒಂದು ಬಸ್ ಮುಂಚೆಯೇ ಹತ್ತು. ಜೆರಾಕ್ಸ್ ಹಿಂದಿನ ದಿನವೇ ಆಗಿರಲಿ.

ಮಾವನ ಮೇಲೆ ಸಿಟ್ಟು ಬೇಡ, ಅವರು ನಿನ್ನ ಒಳ್ಳೆಯದಕ್ಕೇ ಓಡಾಡುತ್ತಿದ್ದಾರೆ. “ಮಾವ, ಪತ್ರ ಬೇಡ, ಹಾಸನಕ್ಕೆ ಜೊತೆಗೆ ಬನ್ನಿ” ಅನ್ನು. ಇಂಟರ್‌ವ್ಯೂಗೆ ಗಂಡಸರನ್ನು ಕರ್ಕೊಂಡು ಬರಬಾರದು ಅಂತ ಏನಿಲ್ಲ, ಗೇಟಿನ ಹೊರಗೆ ಟೀ ಕುಡಿಯುತ್ತಾ ಇರಲಿ.

ಇವತ್ತಿನಿಂದ ದಿನಾ ಸಂಜೆ ಅಪ್ಪನ ಎದುರು ಕೂತು ಉತ್ತರಗಳನ್ನು ಬಾಯಿಬಿಟ್ಟು ಹೇಳು. ಪ್ರಶ್ನೆ ಅವರೇ ಕೇಳಲಿ, ನಿಧಾನವಾದರೂ ಪರವಾಗಿಲ್ಲ. ನಿನಗಿಂತ ಮೊದಲು ಆ ತೋಟದ ಲೆಕ್ಕ ಇಟ್ಟವರು ಅವರು, ನೀನು ಎಲ್ಲಿ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಸೋಮವಾರ ರಾತ್ರಿ ನನಗೆ ಬರೆ, ಏನೇನು ಕೇಳಿದರು ಅಂತ.