ಅತ್ತೆ ಕಾಯಿಸುವ ಹಂಡೆ ನೀರು

ಪ್ರಶ್ನೆ: ನನ್ನ ತವರು ಮೈಸೂರು. ಮದುವೆಯಾಗಿ ಶಾಂತಳ್ಳಿ ಕಡೆಯ ಕಾಫಿ ತೋಟದ ಮನೆಗೆ ಬಂದು ಎರಡು ವರ್ಷ ತುಂಬುತ್ತಾ ಬಂತು. ಈಗ ನನಗೆ ಒಂಬತ್ತು ವಾರ. ಮಳೆ ಹಿಡಿದಂದಿನಿಂದ ಅತ್ತೆ ಬೆಳಗ್ಗೆ ಐದಕ್ಕೇ ಎದ್ದು ಹಂಡೆ ಒಲೆಗೆ ಬೆಂಕಿ ಹಾಕುತ್ತಾರೆ. ದಿನಾ ಸುಡುಸುಡು ನೀರು. ವಾರಕ್ಕೊಮ್ಮೆ ಎಣ್ಣೆ ತಿಕ್ಕಿ ಅವರೇ ಬೆನ್ನಿಗೆ ಹುಯ್ಯುತ್ತಾರೆ. ಬಸುರಿ ಎಂದು ಗೊತ್ತಾಗುವ ಮೊದಲೂ ಹೀಗೇ ನಡೆದಿತ್ತು. ಮೊನ್ನೆ ಮೊಬೈಲಿನಲ್ಲಿ ಓದಿದೆ, ಮೊದಮೊದಲ ವಾರಗಳಲ್ಲಿ ಬಿಸಿನೀರಿನ ಸ್ನಾನ ಮಾಡಿದರೆ ಮಗುವಿನ ಬೆನ್ನುಹುರಿಗೆ ದೋಷ ಬರುತ್ತದಂತೆ. ಅವತ್ತಿನಿಂದ ನಿದ್ದೆ ಹತ್ತುತ್ತಿಲ್ಲ. ಅಮ್ಮ ಫೋನಿನಲ್ಲಿ ‘ಬಿಸಿನೀರು ಮುಟ್ಟಬೇಡ’ ಅನ್ನುತ್ತಾರೆ, ಅತ್ತೆ ‘ತಣ್ಣೀರು ಮುಟ್ಟಬೇಡ’ ಅನ್ನುತ್ತಾರೆ. ಇವರನ್ನು ಕೇಳಿದರೆ ‘ಉಗುರು ಬೆಚ್ಚಗೆ ಮಾಡ್ಕೋ’ ಅಂದು ತೋಟಕ್ಕೆ ಹೊರಟರು. ಸಾಲದ್ದಕ್ಕೆ ಮುಂದಿನ ತಿಂಗಳು ಮದುವೆಯ ದಿನಕ್ಕೆಂದು ಮಡಿಕೇರಿ ಹತ್ತಿರದ ರೆಸಾರ್ಟಿನಲ್ಲಿ ಹಾಟ್ ಟಬ್ ಇರುವ ರೂಮು ಬುಕ್ ಮಾಡಿದ್ದಾರೆ. ಅತ್ತೆಗೆ ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಮೊದಲು ನಿದ್ದೆಯ ವಿಚಾರ ಮುಗಿಸೋಣ.

ನೀವು ಓದಿದ್ದು ಸುಳ್ಳಲ್ಲ, ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ನಿಮ್ಮ ಬಚ್ಚಲುಮನೆ ಅಲ್ಲ. ಅಮೆರಿಕದಲ್ಲಿ ಸುಮಾರು 23 ಸಾವಿರ ಗರ್ಭಿಣಿಯರನ್ನು ವಿಚಾರಿಸಿ ಮಾಡಿದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಗರ್ಭ ನಿಂತ ಮೊದಲ ವಾರಗಳಲ್ಲಿ ಹಾಟ್ ಟಬ್ಬಿಗೆ ಇಳಿದವರು, ಸೌನಾದಲ್ಲಿ (ಬೆವರಿಳಿಸುವ ಬಿಸಿ ಕೋಣೆಯಲ್ಲಿ) ಕೂತವರು, ಜ್ವರ ಬಂದವರು, ಇವರ ಮಕ್ಕಳಲ್ಲಿ ಮಿದುಳು ಮತ್ತು ಬೆನ್ನುಹುರಿಯ ದೋಷ ಹೆಚ್ಚಾಗಿ ಕಂಡಿತ್ತು. ಎಚ್ಚರಿಕೆಯ ಮಾತು ದೊಡ್ಡದಾಗಿ ಹರಡಿದ್ದು ಅಲ್ಲಿಂದ. ಅದು ಕೈಯಿಂದ ಕೈಗೆ ದಾಟಿ ಕನ್ನಡಕ್ಕೆ ಬರುವ ಹೊತ್ತಿಗೆ ಟಬ್ಬು ಕಳಚಿಹೋಗಿ ‘ಬಿಸಿನೀರಿನ ಸ್ನಾನ’ ಮಾತ್ರ ಉಳಿದಿದೆ.

ಇವೆರಡಕ್ಕೂ ಇರುವ ಅಂತರ ನೋಡಿ. ಹಾಟ್ ಟಬ್ಬಿನಲ್ಲಿ ಕುತ್ತಿಗೆವರೆಗೆ ಮುಳುಗಿರುತ್ತೀರಿ. ನೀರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆರಲು ಬಿಡದಂತೆ ಕೆಳಗೆ ಹೀಟರು. ಬೆವರಿದರೂ ಆರುವುದಕ್ಕೆ ಜಾಗವಿಲ್ಲ, ಹಾಗಾಗಿ ಮೈಯೊಳಗಿನ ಕಾವು ಏರುತ್ತಾ ಹೋಗುತ್ತದೆ. ಅದು 39 ಡಿಗ್ರಿ, ಅಂದರೆ 102 ಫ್ಯಾರನ್‌ಹೀಟ್ ಹತ್ತಿರಕ್ಕೆ ಹೋಗಿ ಅಲ್ಲೇ ನಿಲ್ಲಬಾರದು ಎಂಬುದು ವೈದ್ಯರ ಲೆಕ್ಕ. ನಿಮ್ಮದು ಚೊಂಬಿನ ಸ್ನಾನ. ಹುಯ್ದ ನೀರು ಮೈಮೇಲೆ ಜಾರಿ ಬಚ್ಚಲಗುಂಡಿ ಸೇರುತ್ತದೆ. ಮುಂದಿನ ಚೊಂಬು ತುಂಬುವಷ್ಟರಲ್ಲಿ ಹೆಂಚಿನ ಸಂದಿಯಿಂದ ಶಾಂತಳ್ಳಿಯ ಗಾಳಿ ಬಂದು ಮೈ ಜುಮ್ಮೆನ್ನಿಸುತ್ತದೆ. ಚರ್ಮ ಕೆಂಪಾಗಬಹುದು. ಹತ್ತು ನಿಮಿಷದ ಇಂಥ ಸ್ನಾನಕ್ಕೆ ಮೈಯೊಳಗಿನ ಕಾವು ಅಲ್ಲಿಗೆ ಮುಟ್ಟುವುದಿಲ್ಲ.

ಇನ್ನೊಂದು. ಮಗುವಿನ ಬೆನ್ನುಹುರಿಯಾಗುವ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ. ಮುಟ್ಟಿನ ಲೆಕ್ಕದಲ್ಲಿ ಆರನೇ ವಾರ. ನಿಮಗೆ ಒಂಬತ್ತು. ಆ ಕೆಲಸ ಅದರ ಪಾಡಿಗೆ ಮುಗಿದಿದೆ. 18ರಿಂದ 20 ವಾರದ ನಡುವೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಬೆನ್ನುಮೂಳೆಯ ಸಾಲನ್ನು ಒಂದೊಂದಾಗಿ ನೋಡುತ್ತಾರೆ, ಅದನ್ನು ತಪ್ಪಿಸಬೇಡಿ. ಫೋಲಿಕ್ ಆಸಿಡ್ ಮಾತ್ರೆ ಶುರುಮಾಡಿದ್ದೀರಿ ತಾನೆ? ಇಲ್ಲವಾದರೆ ಇವತ್ತೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದ ನನಗೆ, ನೀವು ಈವರೆಗೆ ಮಾಡಿದ ಸ್ನಾನಗಳಲ್ಲಿ ಹೆದರುವಂಥದ್ದೇನೂ ಕಾಣುತ್ತಿಲ್ಲ.

ಹೆದರಬೇಕಾದ್ದು ಜ್ವರಕ್ಕೆ. ಮಳೆಗಾಲದಲ್ಲಿ ಮೈ ಬಿಸಿಯಾದರೆ ಮೆಣಸಿನ ಕಷಾಯ ಕುಡಿಸಿ, ಎರಡು ಕಂಬಳಿ ಹೊದೆಸಿ ಬೆವರಿಳಿಸುವುದು ನಮ್ಮ ಕಡೆಯ ರೂಢಿ. ಬಸುರಿಗೆ ಅದು ಬೇಡ. ಜ್ವರ ಬಂದರೆ ಹೊದಿಕೆ ತೆಗೆದು, ನೀರು ಕುಡಿದು, ಅವತ್ತೇ ಡಾಕ್ಟರಿಗೆ ತೋರಿಸಿ. ಮನೆಯ ಡಬ್ಬಿಯಲ್ಲಿರುವ ನೋವಿನ ಮಾತ್ರೆಗಳನ್ನೆಲ್ಲ ನುಂಗುವಂತಿಲ್ಲ. ಯಾವುದು, ಎಷ್ಟು ಎಂದು ಅವರೇ ಹೇಳಲಿ.

ಇನ್ನು ನಿಮ್ಮ ಬಚ್ಚಲು. ನೀವು ಕೇಳದ ಮೂರು ಸಂಗತಿ ನನ್ನ ತಲೆಯಲ್ಲಿ ಕೊರೆಯುತ್ತಿವೆ.

ತಲೆಸುತ್ತು ಒಂದು. ಬಸುರಿಯರಿಗೆ ರಕ್ತದೊತ್ತಡ ಮೊದಲೇ ತುಸು ಇಳಿದಿರುತ್ತದೆ. ಸುಡುನೀರು ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಅದು ಇನ್ನೂ ಇಳಿಯುತ್ತದೆ. ಮಣೆಯಿಂದ ತಟ್ಟನೆ ಎದ್ದರೆ ಕಣ್ಣು ಕತ್ತಲೆ. ಎಣ್ಣೆಸ್ನಾನ ಮಾಡಿ ಎದ್ದವಳು ಹಾಗೇ ಕುಸಿದು, ಹಂಡೆಯ ಅಂಚಿಗೆ ಹಣೆ ಒಡೆದುಕೊಂಡು ನಮ್ಮ ವಾರ್ಡಿಗೆ ಬಂದದ್ದು ನನಗಿನ್ನೂ ನೆನಪಿದೆ. ಏಳು ತಿಂಗಳಾಗಿತ್ತು. ಮಗುವಿಗೆ ಏನೂ ಆಗಲಿಲ್ಲ, ಅವಳ ಹಣೆಗೆ ಹೊಲಿಗೆ ಬಿತ್ತು. ಒಳಗಿನಿಂದ ಚಿಲಕ ಹಾಕಿದ್ದರಿಂದ ಬಾಗಿಲು ಒಡೆಯುವಷ್ಟರಲ್ಲಿ ಮನೆಯವರ ಜೀವ ಹೋಗಿ ಬಂದಿತ್ತು.

ಎರಡನೆಯದು ನೆಲ. ಮಳೆಗಾಲದ ಪಾಚಿಯ ಮೇಲೆ ಎಣ್ಣೆ ಬಿದ್ದರೆ ಏನಾಗುತ್ತದೆಂದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ಕೆಲಸ ನಿಮ್ಮ ಯಜಮಾನರದು, ನಿಮ್ಮದಲ್ಲ.

ಮೂರನೆಯದು ಹೊಗೆ, ನನಗೆ ಎಲ್ಲಕ್ಕಿಂತ ಭಯ ಇದರದ್ದೇ. ನಿಮ್ಮ ಹಂಡೆ ಒಲೆಯ ಬಾಯಿ ಹೊರಗಿದೆಯೋ ಒಳಗೋ? ಹೊರಗಿದ್ದರೆ ಸರಿ. ಒಳಗಿದ್ದು, ಹಸಿ ಸೌದೆ ಹೊಗೆಯಾಡುತ್ತಾ, ಚಳಿಯೆಂದು ಕಿಟಕಿ ಬಾಗಿಲು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಮ್ಮ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ಹೊಟ್ಟೆಯೊಳಗಿನ ಮಗುವಿನ ರಕ್ತವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ನೀರು ಕಾದ ಮೇಲೆ ಕೊಳ್ಳಿ, ಕೆಂಡ ಎಲ್ಲ ಹೊರಗೆಳೆದು, ಕಿಟಕಿ ತೆರೆದು, ಹೊಗೆ ಹೋದ ನಂತರ ಒಳಗೆ ಹೋಗಿ. ಇದನ್ನು ಓದಿ ನಿಮ್ಮ ಯಜಮಾನರು ಹುರುಪಿನಿಂದ ಗ್ಯಾಸ್ ಗೀಸರ್ ತಂದು ಬಚ್ಚಲ ಗೋಡೆಗೆ ಸಿಕ್ಕಿಸಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜೀವ ಕಳೆದುಕೊಂಡವರ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ.

ನೀರಿನ ಹದದ ಬಗ್ಗೆ ಅವರು ಹೊರಡುವ ಅವಸರದಲ್ಲಿ ಅಂದದ್ದೇ ಸರಿ, ಉಗುರು ಬೆಚ್ಚಗೆ. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು, ಆಮೇಲೆ ಹಂಡೆಯದನ್ನು ಬೆರೆಸಿ. ಮೊಣಕೈ ಅದ್ದಿ ನೋಡಿ, ‘ಹಾ’ ಅನ್ನಿಸಿದರೆ ಬಿಸಿ ಹೆಚ್ಚಾಯಿತು. ಒಲೆ ಮುಂದೆ ದಿನಾ ಕೈ ಕಾಯಿಸಿಕೊಂಡ ಅತ್ತೆಯ ಬೆರಳನ್ನು ಇದರಲ್ಲಿ ನಂಬಬೇಡಿ, ಅದಕ್ಕೆ ಯಾವ ನೀರೂ ಬಿಸಿಯಲ್ಲ. ಸ್ನಾನದ ನಡುವೆ ಬೆವರು ಒಡೆದರೆ, ಎದೆ ಡವಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಅಮ್ಮನಿಗೂ ಹೇಳಿ, ತಣ್ಣೀರು ಸುರಿದುಕೊಳ್ಳುವ ವ್ರತವೇನೂ ಬೇಡ. ಹದವಾದ ಬಿಸಿನೀರು ಬೆನ್ನುನೋವಿಗೆ ಹಿತ, ರಾತ್ರಿ ನಿದ್ದೆಗೂ ಹಿತ.

ಈಗ ಅತ್ತೆ. ಐದು ಗಂಟೆಗೆ ಆ ಚಳಿಯಲ್ಲಿ ಎದ್ದು ಒದ್ದೆ ಸೌದೆ ಊದುವ ಹೆಂಗಸು ಸೊಸೆಗೆ ಕೇಡು ಬಯಸಿಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಇಷ್ಟು ಸಂಕಟ. ಬಾಣಂತಿಗೆ ಹುಯ್ಯುವ ನೀರನ್ನು ಅವರು ಬಸುರಿಗೇ ಹುಯ್ಯುತ್ತಿದ್ದಾರೆ, ಅಷ್ಟೆ. ಅವರಿಗೆ ಮೊಬೈಲ್ ತೋರಿಸಿ ವಾದಕ್ಕಿಳಿಯಬೇಡಿ, ನಾಲ್ಕು ಹೆತ್ತವಳಿಗೆ ಮೊಬೈಲು ಬುದ್ಧಿ ಹೇಳಲು ಹೋದರೆ ಏನಾಗುತ್ತದೋ ಅದೇ ಆಗುತ್ತದೆ. ‘ಅತ್ತೆ, ಸುಡುನೀರು ಬಿದ್ರೆ ನಂಗೆ ತಲೆ ತಿರುಗ್ತದೆ. ಎರಡು ಚೊಂಬು ತಣ್ಣೀರು ಜಾಸ್ತಿ ಬೆರೆಸಿ, ಆದ್ರೆ ನೀವೇ ಹುಯ್ಯಿ’ ಅನ್ನಿ. ಈ ಕೊನೆಯ ಮಾತು ಅವರನ್ನು ಒಲಿಸುವುದಕ್ಕೆ ಮಾತ್ರ ಹೇಳುತ್ತಿಲ್ಲ. ಬಚ್ಚಲಲ್ಲಿ ನಿಮ್ಮ ಪಕ್ಕ ಒಬ್ಬರು ನಿಂತಿರುವುದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಎಣ್ಣೆಯನ್ನು ಒಳಗೆ ಕೂತು ಬೆನ್ನಿಗೂ ಮೊಣಕಾಲಿಗೂ ತಿಕ್ಕಲಿ, ಅಂಗಾಲಿಗೆ ಬೇಡ.

ಅದಕ್ಕೂ ಒಪ್ಪದಿದ್ದರೆ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ನಾಲ್ಕನೇ ತಿಂಗಳಿನಿಂದ ಅದು ನಿಮಗೂ ಸಲ್ಲುತ್ತದೆ. ಡಾಕ್ಟರ ಮುಂದೆ ಅತ್ತೆಯೇ ಪ್ರಶ್ನೆ ಕೇಳಲಿ. ಮನೆಗೆ ಬಂದು ‘ಡಾಕ್ಟ್ರು ಹೇಳಿದ್ರು’ ಎಂದು ನಿಮಗೇ ಪಾಠ ಮಾಡುತ್ತಾರೆ, ಕೇಳಿಸಿಕೊಳ್ಳಿ. ಹೆರಿಗೆಯಾದ ಮೇಲಿನ ಬಾಣಂತಿ ನೀರು, ಕೋಣೆಯೊಳಗೆ ಕೆಂಡ ಇಡುವುದು, ಆ ಜಗಳಗಳು ಬೇರೆಯೇ ಇವೆ. ಆಗ ಇನ್ನೊಂದು ಕಾಗದ ಬರೆಯಿರಿ.

ರೆಸಾರ್ಟಿಗೆ ಹೋಗಿ ಬನ್ನಿ. ಟಬ್ಬಿಗೆ ಮಾತ್ರ ಇಳಿಯಬೇಡಿ. ಆ ಹೊತ್ತಿಗೆ ಮೂರು ತಿಂಗಳು ದಾಟಿದ್ದರೂ ತಲೆಸುತ್ತು ಎಲ್ಲೂ ಹೋಗಿರುವುದಿಲ್ಲ. ದುಡ್ಡು ಕೊಟ್ಟದ್ದಕ್ಕೆ ಅವರೊಬ್ಬರೇ ಮುಳುಗಲಿ, ನೀವು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರೆ ಸಾಕು. ದಾರಿಯ ತಿರುವುಗಳಿಗೆ ಒಂದು ನಿಂಬೆಹಣ್ಣು, ಎರಡು ಪ್ಲಾಸ್ಟಿಕ್ ಕವರು ಇಟ್ಟುಕೊಂಡಿರಿ.