ಹೊಸದಾಗಿ ಸ್ಕೂಬಾ ಕಲಿತವರು ಯಾವ ಬಿಸಿಡಿ ಕೊಳ್ಳಬೇಕು: ಜಾಕೆಟ್ಟೋ, ವಿಂಗೋ?

ಬಿಸಿಡಿ ಎಂದರೆ ಸಿಲಿಂಡರನ್ನು ಬೆನ್ನಿಗೆ ಹಿಡಿದಿಡುವ, ಗಾಳಿ ತುಂಬಿ ಅಥವಾ ಬಿಟ್ಟು ತೇಲುವಿಕೆಯನ್ನು ಹೊಂದಿಸುವ ಸಾಧನ. "ನೀರಿನಡಿ ಒಂದೇ ಮಟ್ಟದಲ್ಲಿ ನಿಲ್ಲಲು ಆಗುತ್ತಿಲ್ಲ, ಒಳ್ಳೆಯ ಬಿಸಿಡಿ ಕೊಂಡರೆ ಸರಿಹೋಗುತ್ತದೆಯೇ" ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ಇದೇ ಆಸೆಯಿಂದ ನಾನು ಒಂದಲ್ಲ, ಎರಡು ಕೊಂಡು ನೋಡಿದ್ದೇನೆ.

ಕೋರ್ಸಿನಲ್ಲಿ ನನಗೆ ಕೊಟ್ಟಿದ್ದು ಜಾಕೆಟ್. ಅದರ ಗಾಳಿಚೀಲ ಬೆನ್ನಿನಿಂದ ಪಕ್ಕೆಗಳನ್ನು ಬಳಸಿ ಮುಂದಕ್ಕೆ ಬರುತ್ತದೆ. ನೀರಿನ ಮೇಲೆ ನೆಟ್ಟಗೆ ನಿಲ್ಲಿಸುತ್ತದೆ ನಿಜ, ಆದರೆ ಪೂರ್ತಿ ಉಬ್ಬಿಸಿದರೆ ಎದೆ ಹಿಂಡುತ್ತದೆ. ನೀರೊಳಗೆ ನನ್ನ ಕಾಲು ಸದಾ ಕೆಳಗೆ ಜೋತು ಬೀಳುತ್ತಿತ್ತು, ಸೈಕಲ್ ತುಳಿಯುವವನ ಹಾಗೆ ಒದೆಯುತ್ತಿದ್ದೆ. ಪಕ್ಕದಲ್ಲಿ ಮಲಗಿದಂತೆ ಅಲುಗಾಡದೆ ಸಾಗುತ್ತಿದ್ದವರ ಬೆನ್ನ ಮೇಲೆ ಮಾತ್ರ ವಿಂಗ್, ಅಂದರೆ ಬೆನ್ನ ಹಿಂದಷ್ಟೇ ಉಬ್ಬುವ ಗಾಳಿಚೀಲ. ಗುಟ್ಟೆಲ್ಲ ಅದರಲ್ಲೇ ಇದೆ ಎಂದು ತೀರ್ಮಾನಿಸಿ ಸ್ಟೀಲ್ ಬ್ಯಾಕ್‌ಪ್ಲೇಟ್ (ಬೆನ್ನಿಗೆ ಬರುವ ಫಲಕ), ಪಟ್ಟಿಗಳ ಹಾರ್ನೆಸ್ ಮತ್ತು 18 ಕೆ.ಜಿ. ಎತ್ತಬಲ್ಲ ವಿಂಗ್ ಕೊಂಡೆ. ಮುಳುಗಲೆಂದು ಸೊಂಟಕ್ಕೆ ಮಾತ್ರ ಕೋರ್ಸಿನಲ್ಲಿ ಕಟ್ಟುತ್ತಿದ್ದಷ್ಟೇ ಸೀಸ ಕಟ್ಟಿದೆ: 8 ಕೆ.ಜಿ.

ಎಡವಟ್ಟು ಇಲ್ಲೇ ಆಗಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ಕಲಿಯುವವರು ತಳದಲ್ಲಿ ಮಂಡಿಯೂರಿ ಕದಲದೆ ಕೂರಲಿ ಎಂದು ಎಷ್ಟೋ ಶಿಕ್ಷಕರು ಬೇಕಾದುದಕ್ಕಿಂತ ಹೆಚ್ಚು ಸೀಸ ಕಟ್ಟಿಸುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಮೇಲಾಗಿ ಸ್ಟೀಲ್ ಪ್ಲೇಟೇ ಎರಡೂವರೆ ಕೆ.ಜಿ.ಯ ಆಸುಪಾಸು ತೂಗುತ್ತದೆ. ಲೆಕ್ಕ ಹಾಕಿದರೆ ನನ್ನ ಮೈಮೇಲೆ ಸುಮಾರು 6 ಕೆ.ಜಿ. ದಂಡದ ಭಾರ. ಅದನ್ನು ಹೊರಲು 20 ಮೀಟರ್ ಆಳದಲ್ಲಿ ವಿಂಗಿಗೆ 6 ಲೀಟರ್ ಹೆಚ್ಚುವರಿ ಗಾಳಿ ತುಂಬಬೇಕು. ಆ ಆಳದಲ್ಲಿ ಒತ್ತಡ 3 ಬಾರ್, 10 ಮೀಟರಿನಲ್ಲಿ 2 ಬಾರ್. ಅಂದರೆ ಅದೇ 6 ಲೀಟರ್ 10 ಮೀಟರಿಗೆ ಬಂದಾಗ 9 ಲೀಟರ್, 5 ಮೀಟರಿನಲ್ಲಿ 12 ಲೀಟರ್. ಮೇಲೇರಿದಷ್ಟೂ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬೇಗ ಮೇಲೇರುತ್ತೀರಿ. ಸೀಸ ಸರಿಯಾಗಿದ್ದರೆ ಚೀಲದಲ್ಲಿ ಇರುವುದೇ ಒಂದೆರಡು ಲೀಟರ್, ಅದರ ಏರುಪೇರನ್ನು ಬಹುಪಾಲು ಉಸಿರಾಟದಲ್ಲೇ ಸರಿದೂಗಿಸಬಹುದು.

ಇಳಿಜಾರಿನ ಹವಳದ ಗುಂಟ ಮೇಲೆ ಬರುತ್ತಿದ್ದಾಗ ನಾನು ಏರುತ್ತಿರುವುದು ತಡವಾಗಿ ಗಮನಕ್ಕೆ ಬಂತು. ಗಾಬರಿಯಲ್ಲಿ ತಲೆ ಕೆಳಗೆ ಮಾಡಿ ಒದೆಯುತ್ತ, ಇನ್‌ಫ್ಲೇಟರಿನ (ಬಿಸಿಡಿಗೆ ಗಾಳಿ ತುಂಬುವ, ಬಿಡುವ ಕೊಳವೆಯ) ಗಾಳಿ ಬಿಡುವ ಗುಂಡಿಯನ್ನು ಒತ್ತಿದೆ. ಒಂದು ಗುಳ್ಳೆಯೂ ಹೊರಬರಲಿಲ್ಲ. ಬರುವುದಾದರೂ ಹೇಗೆ? ತಲೆ ಕೆಳಗಾದಾಗ ಗಾಳಿಯೆಲ್ಲ ಸೊಂಟದ ಕಡೆಗೆ ಸರಿದಿರುತ್ತದೆ, ಕೊಳವೆಯಿರುವುದು ಭುಜದ ಹತ್ತಿರ. ಸೊಂಟದ ಹಿಂದಿನ ವಾಲ್ವಿನ ದಾರ ಎಳೆಯಬೇಕಿತ್ತು, ಇಲ್ಲವೇ ನೆಟ್ಟಗಾಗಿ ಎಡಗೈಯಲ್ಲಿ ಕೊಳವೆಯನ್ನು ಮೇಲಕ್ಕೆ ಎತ್ತಿ ಹಿಡಿಯಬೇಕಿತ್ತು. ಸುರಕ್ಷತೆಗಾಗಿ 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕಾದವನು ಅದನ್ನು ದಾಟಿ ನೇರ ಮೇಲೆ ಬಂದೆ. ಅದೃಷ್ಟಕ್ಕೆ ಉಸಿರು ಕಟ್ಟಿ ಹಿಡಿದಿರಲಿಲ್ಲ, ಹಿಡಿದಿದ್ದರೆ ಶ್ವಾಸಕೋಶಕ್ಕೆ ಪೆಟ್ಟಾಗಬಹುದಿತ್ತು. ಮೇಲೆ ಬಂದ ಮೇಲೂ ಹೆದರಿ ವಿಂಗನ್ನು ಪೂರ್ತಿ ಉಬ್ಬಿಸಿದೆ, ಅದು ನನ್ನ ಮುಖವನ್ನು ನೀರಿಗೆ ಒತ್ತಿತು. ತಪ್ಪೆಲ್ಲ ವಿಂಗಿನದು ಎಂದು ಅರ್ಧ ಬೆಲೆಗೆ ಮಾರಿ, ದುಬಾರಿ ಜಾಕೆಟ್ ಕೊಂಡೆ. ಅದರಲ್ಲೂ ಅದೇ ಪಾಡು. ಸೀಸ ಮಾತ್ರ ಆಗಲೂ ಅಷ್ಟೇ ಇತ್ತು ನೋಡಿ.

ಕೊನೆಗೆ ಒಬ್ಬ ಗೈಡ್ ಡೈವ್ ಮುಗಿಯುವ ಹೊತ್ತಿಗೆ ನನ್ನನ್ನು ನೀರಿನ ಮೇಲೆಯೇ ನಿಲ್ಲಿಸಿಕೊಂಡರು. ಸಿಲಿಂಡರಿನಲ್ಲಿ 50 ಬಾರ್ ಉಳಿದಿತ್ತು. ಬಿಸಿಡಿಯ ಗಾಳಿಯನ್ನೆಲ್ಲ ಬಿಡಿಸಿ, ಸಹಜವಾಗಿ ಉಸಿರೆಳೆದು ಅಲುಗಾಡದೆ ಇರಲು ಹೇಳಿದರು. ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ನಾನು ಕಲ್ಲಿನಂತೆ ಇಳಿದೆ. ಸೀಸದ ಒಂದೊಂದೇ ತುಂಡು ಬಿಚ್ಚಿಸಿಕೊಂಡು ದೋಣಿಗೆ ಕೊಡುತ್ತ ಹೋದರು. ಈ ಪರೀಕ್ಷೆಯನ್ನು ಕೊನೆಯಲ್ಲೇ ಮಾಡಬೇಕು: 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಗಾಳಿಯೇ ಎರಡೂವರೆ ಕೆ.ಜಿ.ಗಿಂತ ತುಸು ಹೆಚ್ಚು ತೂಗುತ್ತದೆ, ಡೈವ್ ಮುಗಿಯುವಷ್ಟರಲ್ಲಿ ಅದರಲ್ಲಿ ಸುಮಾರು ಎರಡು ಕೆ.ಜಿ. ಖಾಲಿಯಾಗಿರುತ್ತದೆ. ತುಂಬಿದ ಸಿಲಿಂಡರಿನಲ್ಲಿ ಸರಿಯೆನಿಸಿದ ಸೀಸ ಕೊನೆಯಲ್ಲಿ ಸಾಲುವುದಿಲ್ಲ.

ಇನ್ನು ನಿಮ್ಮ ಹೋಲಿಕೆಗೆ ಬರುತ್ತೇನೆ, ಹೇಳುವುದು ಹೆಚ್ಚಿಲ್ಲ. ವರ್ಷಕ್ಕೊಮ್ಮೆ ರಜೆಯಲ್ಲಿ ಮಾತ್ರ ನೀರಿಗಿಳಿಯುವವರಿಗೆ ಬಾಡಿಗೆಯ ಜಾಕೆಟ್ ಧಾರಾಳ ಸಾಕು, ಅಳತೆಯೊಂದು ಸರಿಯಿರಲಿ. ದೊಡ್ಡದಾದರೆ ನೀರಿನ ಮೇಲೆ ಕಿವಿಯವರೆಗೆ ಏರಿ ಕೂರುತ್ತದೆ. ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ತೊಟ್ಟೇ ಹಾಕಿಕೊಳ್ಳಿ, ಪೂರ್ತಿ ಉಬ್ಬಿಸಿ, ಆರಾಮವಾಗಿ ಉಸಿರಾಡಲು ಬಂದರೆ ಮಾತ್ರ ತೆಗೆದುಕೊಳ್ಳಿ. ಜಾಕೆಟಿನಂತೆ ಕಂಡರೂ ಹಿಂದೆ ಮಾತ್ರ ಉಬ್ಬುವ ಬಿಸಿಡಿಯ ಮೇಲೆ ನನಗೆ ಒಲವಿಲ್ಲ. ವಿಂಗಿನ ಬಹುಪಾಲು ಗುಣ ಅದರಲ್ಲಿದೆ, ಆದರೆ ಒಂದು ಭಾಗ ಹಾಳಾದರೆ ಅದನ್ನಷ್ಟೇ ಬದಲಿಸುವ ಅನುಕೂಲ ಇಲ್ಲ. ಮತ್ತೆ ಮತ್ತೆ ಡೈವ್ ಮಾಡುವವರಾದರೆ ವಿಂಗೇ ಕೊಳ್ಳಿ, ನಾನೂ ಕೊನೆಗೆ ಅದಕ್ಕೇ ಮರಳಿದೆ. ಮುಖ ನೀರಿಗೆ ಬೀಳುವ ಭಯವನ್ನು ಹಬ್ಬಿಸುವವರ ಮಾತು ಕೇಳಬೇಡಿ: ಬೇಕಾದಷ್ಟೇ ಗಾಳಿ ತುಂಬಿ ಹಿಂದಕ್ಕೆ ಒರಗಿದರೆ ಮುಗಿಯಿತು. ವಿಮಾನದಲ್ಲಿ ಒಯ್ಯುವುದಾದರೆ ಸ್ಟೀಲ್ ಬದಲು ಅಲ್ಯೂಮಿನಿಯಂ ಪ್ಲೇಟ್ ಇರಲಿ.

ಆದರೆ ಈಗಲೇ ಯಾವುದನ್ನೂ ಕೊಳ್ಳಬೇಡಿ. ಕೈ ಸುಮ್ಮನಿರದಿದ್ದರೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಆಮೇಲೆ ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ಕೊಳ್ಳಿ. ಮುಂದಿನ ಡೈವ್ ಮುಗಿಸಿ ಬಂದಾಗ ಎಷ್ಟು ಸೀಸ ಕಟ್ಟಿದ್ದಿರಿ, ವೆಟ್‌ಸೂಟ್ ಎಷ್ಟು ದಪ್ಪ, 50 ಬಾರಿನಲ್ಲಿ ಬಿಸಿಡಿ ಖಾಲಿ ಮಾಡಿದಾಗ ನೀರು ಎಲ್ಲಿಗೆ ನಿಂತಿತು ಎಂಬುದನ್ನು ಇಲ್ಲೇ ಕೆಳಗೆ ಬರೆಯಿರಿ. ಬಿಸಿಡಿಯ ಮಾತನ್ನು ಆಮೇಲೆ ಆಡೋಣ.